ನಿಷ್ಠೆಗೆ ಎಷ್ಟು ಜನರ ಬೆಲೆ? ಮಾಸ್ಕೋದಲ್ಲಿ ಮಗನನ್ನು ಕಂಡ ಗೂಢಚಾರ ಕಿಮ್ ಫಿಲ್ಬಿ

1967ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಮಾಸ್ಕೋದ ಕೆಂಪು ಚೌಕದಲ್ಲಿ ನಿಂತಿರುವ ಐವತ್ತೈದು ವರ್ಷದ ಒಬ್ಬ ಇಂಗ್ಲಿಷ್ ಮನುಷ್ಯ. ಹೆಸರು ಹೇಳದೆ ತೋರಿಸಿದರೆ ಪ್ರವಾಸಕ್ಕೆ ಬಂದ ನಿವೃತ್ತ ಮೇಷ್ಟ್ರು ಅಂದುಕೊಳ್ಳುತ್ತೀರಿ. ಆದರೆ ಆತ ಇಪ್ಪತ್ತನೇ ಶತಮಾನದ ಅತ್ಯಂತ ಹೆಸರುವಾಸಿ ಡಬಲ್ ಏಜೆಂಟ್. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ನ ಉನ್ನತ ಅಧಿಕಾರಿಯಾಗಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಕೆಲಸ ಮಾಡಿದವನು. ಹೆಸರು ಹೆರಾಲ್ಡ್ ಏಡ್ರಿಯನ್ ರಸೆಲ್ ಫಿಲ್ಬಿ. ಜಗತ್ತಿಗೆ ಕಿಮ್ ಫಿಲ್ಬಿ.

ಆ ಫೋಟೋ ತೆಗೆದದ್ದು ಯಾವುದೋ ಏಜೆನ್ಸಿಯ ಛಾಯಾಗ್ರಾಹಕ ಅಲ್ಲ, ಆತನ ಹಿರಿಮಗ ಜಾನ್. ಅಪ್ಪ ಒಂದು ಮಾತೂ ಹೇಳದೆ ಮಾಯವಾಗಿ ನಾಲ್ಕು ವರ್ಷವಾಗಿತ್ತು. ಮಗನಿಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ.

ಫಿಲ್ಬಿ ಬಗ್ಗೆ ಪುಸ್ತಕಗಳು, ಸಿನಿಮಾಗಳು, ಸೀರೀಸ್‌ಗಳು ಬೇಕಾದಷ್ಟು ಬಂದಿವೆ. ಹೆಚ್ಚಿನವು ಕೇಳುವ ಪ್ರಶ್ನೆ ಒಂದೇ: ಇಷ್ಟು ವರ್ಷ ಸಿಕ್ಕಿಬೀಳದೆ ಹೇಗೆ ತಪ್ಪಿಸಿಕೊಂಡ? ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಒಂದು ಸಿದ್ಧಾಂತಕ್ಕೆ ಜೀವನವಿಡೀ ನಿಷ್ಠನಾಗಿದ್ದ ಮನುಷ್ಯ ತನ್ನ ಸುತ್ತ ಇದ್ದ ಪ್ರತಿಯೊಬ್ಬರಿಗೂ ಸುಳ್ಳು ಹೇಳಿದ. ಈ ನಿಷ್ಠೆಯನ್ನ ನಾವು ಹೇಗೆ ಅಳೆಯೋದು? ರಾಜಕೀಯವನ್ನು ಗಂಭೀರವಾಗಿ ತಗೊಳ್ಳುವ, ಯಾವುದೋ ಒಂದು ಬಾವುಟದ ಕೆಳಗೆ ನಿಂತಿರುವ ನಮ್ಮ ತಲೆಮಾರಿಗೆ ಇದು ಬರೀ ಹಳೇ ಸ್ಪೈ ಕಥೆ ಅಲ್ಲ ಅನ್ನೋದು ನನ್ನ ಅನಿಸಿಕೆ.

ಅಂಬಾಲಾದ ಹುಡುಗ

ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. ಕಿಮ್ ಹುಟ್ಟಿದ್ದು 1912ರ ಜನವರಿ 1ರಂದು, ಆಗಿನ ಪಂಜಾಬ್ ಪ್ರಾಂತ್ಯದ ಅಂಬಾಲಾದಲ್ಲಿ. ಅಪ್ಪ ಸೇಂಟ್ ಜಾನ್ ಫಿಲ್ಬಿ ಐಸಿಎಸ್ ಅಧಿಕಾರಿ. ಮನೆಯ ಆಳುಗಳ ಜೊತೆ ಮಗು ಪಂಜಾಬಿಯಲ್ಲಿ ಹರಟುತ್ತಿತ್ತಂತೆ. ಹಾಗಾಗಿ ರಡ್ಯಾರ್ಡ್ ಕಿಪ್ಲಿಂಗ್‌ನ 1901ರ ಕಾದಂಬರಿಯ ನಾಯಕ ಕಿಮ್‌ನ ಹೆಸರೇ ಅಡ್ಡಹೆಸರಾಗಿ ಅಂಟಿಕೊಂಡಿತು. ಕಾದಂಬರಿಯ ಕಿಮ್ ಕೂಡ ಭಾರತದಲ್ಲಿ ಬೆಳೆದು ಗೂಢಚಾರಿಕೆಗೆ ಇಳಿಯುವ ಹುಡುಗ. ಈ ಕಾಕತಾಳೀಯವನ್ನು ಕಾದಂಬರಿಗಾರ ಬರೆದಿದ್ದರೆ ಅತಿಯಾಯ್ತು ಅನ್ನುತ್ತಿದ್ದೆವು.

ಅಪ್ಪನೂ ಸಾಮಾನ್ಯ ಆಸಾಮಿಯಲ್ಲ. ಅರೇಬಿಯಾದ ಮರುಭೂಮಿಗಳನ್ನು ದಾಟಿದ ಅನ್ವೇಷಕ. ಬ್ರಿಟಿಷ್ ಸರ್ಕಾರದ ಜೊತೆ ಜಗಳವಾಡಿಕೊಂಡು ಸೌದಿಯ ದೊರೆ ಇಬ್ನ್ ಸೌದ್‌ಗೆ ಸಲಹೆಗಾರನಾದ. 1930ರಲ್ಲಿ ಇಸ್ಲಾಂ ಸ್ವೀಕರಿಸಿದ. ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇಂಗ್ಲೆಂಡಿನಲ್ಲಿದ್ದ ಹೆಂಡತಿ ಡೋರಾ ಮತ್ತು ಮಕ್ಕಳ ಪಾಲಿಗೆ ಆತ ಹೆಚ್ಚಾಗಿ ದೂರದಲ್ಲೇ ಇದ್ದ ದೊಡ್ಡ ಹೆಸರು. ತನಗೆ ಸರಿ ಅನ್ನಿಸಿದ್ದನ್ನು ಮಾಡಬೇಕು, ಮನೆಯವರು ಅದಕ್ಕೆ ಹೊಂದಿಕೊಳ್ಳಬೇಕು ಎಂಬ ಪಾಠ ಕಿಮ್‌ಗೆ ಮಾರ್ಕ್ಸ್‌ನನ್ನು ಓದುವ ಮೊದಲೇ ಮನೆಯಲ್ಲೇ ಸಿಕ್ಕಿತ್ತು.

ವಿಯೆನ್ನಾದ ಚಳಿಗಾಲ

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಕಿಮ್ 1929ರಿಂದ 1933ರವರೆಗೆ ಓದಿದ. ಆ ವರ್ಷಗಳು ಎಂಥವು ಎಂದು ನೆನಪಿಸಿಕೊಳ್ಳಿ. ಜಗತ್ತಿನ ಆರ್ಥಿಕತೆ ಕುಸಿದಿತ್ತು. ಬ್ರಿಟನ್ನಿನಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದರು. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಅವನ ಎದುರು ನಿಲ್ಲುವ ಶಕ್ತಿ ಯಾವುದು ಎಂದು ಕೇಳಿದ ಬಹಳಷ್ಟು ಯುವಕರಿಗೆ ಕಂಡ ಉತ್ತರ ಸೋವಿಯತ್ ಒಕ್ಕೂಟ. ಇವತ್ತು ಕೂತು ನಗುವುದು ಸುಲಭ. ಅವತ್ತಿನ ಇಪ್ಪತ್ತೊಂದು ವರ್ಷದ ಹುಡುಗನ ಜಾಗದಲ್ಲಿ ನಿಂತರೆ ಅಷ್ಟು ಸುಲಭವಲ್ಲ.

ಡಿಗ್ರಿ ಮುಗಿಸಿ ಕಿಮ್ ವಿಯೆನ್ನಾಗೆ ಹೋದ. ಅಲ್ಲಿ ಸಿಕ್ಕಿದವಳು ಲಿಟ್ಸಿ ಫ್ರೀಡ್‌ಮನ್. ಯಹೂದಿ ಹೆಣ್ಣುಮಗಳು, ಭೂಗತ ಕಮ್ಯುನಿಸ್ಟ್ ಕಾರ್ಯಕರ್ತೆ, ಆಗಲೇ ಜೈಲು ಕಂಡು ಬಂದವಳು. 1934ರ ಫೆಬ್ರವರಿಯಲ್ಲಿ ಡಾಲ್‌ಫುಸ್ ಸರ್ಕಾರ ಕಾರ್ಮಿಕರ ವಸತಿಗಳ ಮೇಲೆ ಫಿರಂಗಿ ಹಾರಿಸಿತು. ಅಡಗಿಕೊಂಡಿದ್ದ ಸಂಗಾತಿಗಳನ್ನು ಪಾರು ಮಾಡುವ ಕೆಲಸದಲ್ಲಿ ಇಬ್ಬರೂ ಓಡಾಡಿದರು. ಅದೇ ತಿಂಗಳು ಮದುವೆಯಾದರು. ಅವಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕರೆ ಜೀವ ಉಳಿಯುತ್ತಿತ್ತು. ಪ್ರೀತಿಯೂ ಇತ್ತು, ರಾಜಕೀಯವೂ ಇತ್ತು. ಇಡೀ ಜೀವನದಲ್ಲಿ ಕಿಮ್‌ನ ಈ ಎರಡೂ ಒಂದೇ ದಿಕ್ಕಿನಲ್ಲಿ ನಡೆದದ್ದು ಈ ಕೆಲವೇ ತಿಂಗಳು ಎಂದು ನನಗನ್ನಿಸುತ್ತದೆ.

ಲಂಡನ್ನಿಗೆ ಮರಳಿದ ಮೇಲೆ ಲಿಟ್ಸಿಯ ಗೆಳತಿ, ಛಾಯಾಗ್ರಾಹಕಿ ಈಡಿತ್ ಟ್ಯೂಡರ್ ಹಾರ್ಟ್ ಆತನನ್ನು ರೀಜೆಂಟ್ಸ್ ಪಾರ್ಕಿನಲ್ಲಿ ಒಬ್ಬರಿಗೆ ಭೇಟಿ ಮಾಡಿಸಿದಳು. ಅವನು ಆರ್ನಾಲ್ಡ್ ಡಾಯ್ಚ್, ಸೋವಿಯತ್ ಗುಪ್ತಚರ ಸಂಸ್ಥೆಯ ಏಜೆಂಟರನ್ನು ಹುಡುಕುವವನು. ಪಕ್ಷಕ್ಕೆ ಬಹಿರಂಗವಾಗಿ ಸೇರಬೇಡ, ಬಲಪಂಥೀಯನಂತೆ ಕಾಣಿಸು, ಒಳಗೆ ನುಸುಳು ಎಂಬುದು ಸಿಕ್ಕ ಸೂಚನೆ. ಕಿಮ್ ಒಪ್ಪಿಕೊಂಡ. ತನ್ನ ಜೊತೆಗೆ ಕೇಂಬ್ರಿಜ್ ಗೆಳೆಯರಾದ ಡೊನಾಲ್ಡ್ ಮೆಕ್ಲೀನ್ ಮತ್ತು ಗೈ ಬರ್ಜೆಸ್ ಹೆಸರನ್ನೂ ಕೊಟ್ಟ.

ವೇಷದ ಮೊದಲ ಬಲಿ ಲಿಟ್ಸಿಯೇ. ಕಮ್ಯುನಿಸ್ಟ್ ಹೆಂಡತಿ ಪಕ್ಕದಲ್ಲಿದ್ದರೆ ಬಲಪಂಥೀಯ ಅನ್ನೋ ನಾಟಕ ನಡೆಯೋದಿಲ್ಲವಲ್ಲ. ಮೂರು ವರ್ಷ ತುಂಬುವ ಮೊದಲೇ ದೂರವಾದರು. ಕಾನೂನಿನ ವಿಚ್ಛೇದನ ಆದದ್ದು 1946ರಲ್ಲಿ.

ನಮ್ಮವನು ಎಂಬ ಪಾಸ್‌ವರ್ಡ್

ಟೈಮ್ಸ್ ಪತ್ರಿಕೆಯ ವರದಿಗಾರನಾಗಿ ಕಿಮ್ ಸ್ಪೇನಿನ ಅಂತರ್ಯುದ್ಧಕ್ಕೆ ಹೋದ, ಅದೂ ಫ್ರಾಂಕೋ ಕಡೆಯಿಂದ ವರದಿ ಮಾಡೋಕೆ. 1937ರ ಡಿಸೆಂಬರ್ 31ರಂದು ತೆರುವೆಲ್ ಬಳಿ ಆತ ಕೂತಿದ್ದ ಕಾರಿಗೆ ಶೆಲ್ ಬಡಿಯಿತು. ಜೊತೆಗಿದ್ದ ಮೂವರು ಪತ್ರಕರ್ತರು ಸತ್ತರು, ಈತ ಸಣ್ಣ ಗಾಯದೊಂದಿಗೆ ಉಳಿದ. ಮುಂದಿನ ಮಾರ್ಚ್‌ನಲ್ಲಿ ಫ್ರಾಂಕೋ ಖುದ್ದಾಗಿ ಈತನ ಎದೆಗೆ ಪದಕ ಚುಚ್ಚಿದ. ಫ್ಯಾಸಿಸ್ಟ್ ದಂಡನಾಯಕ ಸೋವಿಯತ್ ಏಜೆಂಟನಿಗೆ ಪದಕ ಕೊಟ್ಟ! ಇದಕ್ಕಿಂತ ಒಳ್ಳೇ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬ್ರಿಟಿಷ್ ಅಧಿಕಾರಸ್ಥರಿಗೆ ಇನ್ನೇನು ಬೇಕು?

1940ರಲ್ಲಿ ಕಿಮ್ ಬ್ರಿಟಿಷ್ ಗುಪ್ತಚರ ವಲಯದ ಒಳಗೆ ಹೋದ. ಅದೇ ವರ್ಷ ಆತನ ಅಪ್ಪನನ್ನು ಯುದ್ಧವಿರೋಧಿ ಮಾತುಗಳಿಗಾಗಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಬಂಧಿಸಿ, ಇಂಗ್ಲೆಂಡಿಗೆ ಸಾಗಿಸಿ ಕೂಡಿಹಾಕಿತು. ಅಪ್ಪ ಬಂಧನದಲ್ಲಿ, ಮಗ ಗುಪ್ತಚರ ಇಲಾಖೆಯಲ್ಲಿ!

ಹಾಗಾದರೆ ಹಿನ್ನೆಲೆ ಪರಿಶೀಲನೆ ನಡೆಯಲಿಲ್ಲವೇ? ನಡೆಯಿತು, ಆ ಕಾಲದ ರೀತಿಯಲ್ಲಿ. ಎಂಐ6ನ ಹಿರಿಯ ಅಧಿಕಾರಿ ವ್ಯಾಲಂಟೈನ್ ವಿವಿಯನ್ ಹಿಂದೆ ಭಾರತದ ಪೊಲೀಸ್ ಇಲಾಖೆಯಲ್ಲಿದ್ದವನು, ಫಿಲ್ಬಿ ಕುಟುಂಬವನ್ನು ಬಲ್ಲವನು. ಸೇಂಟ್ ಜಾನ್ ಜೊತೆ ಊಟಕ್ಕೆ ಕೂತಾಗ, ಮಗ ಕೇಂಬ್ರಿಜ್‌ನಲ್ಲಿ ಕಮ್ಯುನಿಸ್ಟ್ ಆಗಿದ್ದನಂತಲ್ಲ ಎಂದು ವಿಚಾರಿಸಿದ. ಅದೆಲ್ಲ ಹುಡುಗಾಟಿಕೆ, ಈಗ ಸರಿಹೋಗಿದ್ದಾನೆ ಎಂದ ಅಪ್ಪ. ಫೈಲ್ ಅಲ್ಲಿಗೆ ಮುಗಿಯಿತು.

ನಾನು ಎಂಜಿನಿಯರಿಂಗ್ ಓದಿದವನು. ಕಂಪ್ಯೂಟರ್ ಭದ್ರತೆಯ ಪಾಠದಲ್ಲಿ ಮೊದಲು ಹೇಳಿಕೊಡುವುದು, ಗೋಡೆಯನ್ನು ಎಷ್ಟೇ ಎತ್ತರ ಕಟ್ಟಿದರೂ ಒಳಗಿರುವವನ ಮೇಲೆ ಕಣ್ಣಿಲ್ಲದಿದ್ದರೆ ಗೋಡೆ ವ್ಯರ್ಥ ಅಂತ. ಬ್ರಿಟಿಷ್ ಗುಪ್ತಚರ ಸಂಸ್ಥೆಯ ಪಾಸ್‌ವರ್ಡ್ ಏನಿತ್ತು ಗೊತ್ತಾ? ಒಳ್ಳೆ ಮನೆತನ, ಒಳ್ಳೆ ಶಾಲೆ, ಒಳ್ಳೆ ಕ್ಲಬ್. ನಮ್ಮವನು ಎಂಬ ಒಂದೇ ಪದ. ಈ ಪಾಸ್‌ವರ್ಡ್ ನಮಗೆ ಹೊಸದಲ್ಲ. ಕೆಲಸದ ಸಂದರ್ಶನದಲ್ಲಿ ಹೆಸರಿನ ಕೊನೆಯ ಭಾಗ ಕೇಳಿ ಸಮಾಧಾನದ ಉಸಿರು ಬಿಡುವವರನ್ನು ನಾವೆಲ್ಲ ನೋಡಿದ್ದೇವೆ. ಜಾತಿಯ ಮೇಲೆ, ವರ್ಗದ ಮೇಲೆ ಇಡುವ ನಂಬಿಕೆ ಹೊರಗಿನವರಿಗೆ ಅನ್ಯಾಯ ಮಾಡುತ್ತೆ ಎಂದು ಹೇಳುತ್ತಲೇ ಇರುತ್ತೇವೆ. ಆ ನಂಬಿಕೆ ಒಳಗಿನವರನ್ನೂ ಕುರುಡು ಮಾಡುತ್ತೆ ಅನ್ನೋದಕ್ಕೆ ಫಿಲ್ಬಿ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣಿಸಿಲ್ಲ.

1944ರಲ್ಲಿ ಎಂಐ6 ತನ್ನ ಸೋವಿಯತ್ ವಿರೋಧಿ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಆರಿಸಿದ್ದು ಇದೇ ಕಿಮ್ ಫಿಲ್ಬಿಯನ್ನು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವಲ್ಲ, ಅದು.

ಹೆಸರಿಲ್ಲದ ಸಾವುಗಳು

ಫಿಲ್ಬಿಯನ್ನು ರೊಮ್ಯಾಂಟಿಕ್ ನಾಯಕನನ್ನಾಗಿ ನೋಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 1945ರಲ್ಲಿ ಇಸ್ತಾಂಬುಲ್‌ನ ಸೋವಿಯತ್ ಉಪದೂತ ಕಾನ್ಸ್ಟಾಂಟಿನ್ ವೋಲ್ಕೊವ್ ಬ್ರಿಟಿಷರ ಕಡೆ ಬರಲು ಮುಂದಾದ. ಬ್ರಿಟಿಷ್ ಸರ್ಕಾರದೊಳಗಿನ ಸೋವಿಯತ್ ಏಜೆಂಟರ ಹೆಸರು ಕೊಡುತ್ತೇನೆ ಎಂದಿದ್ದ. ಆ ಕಡತ ಬಂದು ಬಿದ್ದದ್ದು ಫಿಲ್ಬಿಯ ಮೇಜಿನ ಮೇಲೆ. ಆತ ಮಾಸ್ಕೋಗೆ ಸುಳಿವು ಕೊಟ್ಟ. ಬೇಕೆಂದೇ ತಡ ಮಾಡಿ ಇಸ್ತಾಂಬುಲ್‌ಗೆ ಹೋದ. ಅಷ್ಟರಲ್ಲಿ ವೋಲ್ಕೊವ್‌ನನ್ನೂ ಅವನ ಹೆಂಡತಿಯನ್ನೂ ಮಾಸ್ಕೋಗೆ ಸಾಗಿಸಿಯಾಗಿತ್ತು. ಅವರು ಉಳಿಯಲಿಲ್ಲ.

1949ರಿಂದ ಬ್ರಿಟನ್ ಮತ್ತು ಅಮೆರಿಕ ಸೇರಿ ಅಲ್ಬೇನಿಯಾದ ಕಮ್ಯುನಿಸ್ಟ್ ಸರ್ಕಾರ ಉರುಳಿಸಲು ದೇಶಭ್ರಷ್ಟ ಯುವಕರನ್ನು ಗುಟ್ಟಾಗಿ ಒಳಗೆ ಕಳಿಸುತ್ತಿದ್ದವು. ಗುಂಪಿನ ಮೇಲೆ ಗುಂಪು ಸಿಕ್ಕಿಬಿತ್ತು. ವಾಷಿಂಗ್ಟನ್‌ನಲ್ಲಿ ಎಂಐ6 ಪ್ರತಿನಿಧಿಯಾಗಿದ್ದ ಫಿಲ್ಬಿಗೆ ಈ ಯೋಜನೆ ಗೊತ್ತಿತ್ತು. ಆ ವೈಫಲ್ಯದಲ್ಲಿ ಆತನ ಪಾಲೆಷ್ಟು, ಕಳಿಸಿದವರ ಬೇಜವಾಬ್ದಾರಿಯ ಪಾಲೆಷ್ಟು ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಸತ್ತವರು ಬಹುಮಟ್ಟಿಗೆ ಬಡ ಹಳ್ಳಿಗರು ಅನ್ನುವುದರಲ್ಲಿ ಜಗಳವಿಲ್ಲ.

ಇನ್ನೊಂದು ಕಡೆಯನ್ನೂ ನೋಡಿ. ಫಿಲ್ಬಿಯನ್ನು ಮೂವತ್ತರ ದಶಕದಲ್ಲಿ ನಡೆಸಿಕೊಂಡವರಲ್ಲಿ ಒಬ್ಬ ಥಿಯೋಡರ್ ಮಾಲಿ, ಹಂಗೇರಿಯ ಮಾಜಿ ಪಾದ್ರಿ. ಸ್ಟಾಲಿನ್‌ನ ಶುದ್ಧೀಕರಣದ ಕಾಲದಲ್ಲಿ ಮಾಸ್ಕೋಗೆ ಕರೆಸಿಕೊಂಡು 1938ರಲ್ಲಿ ಗುಂಡಿಟ್ಟು ಕೊಂದರು. ಮರುವರ್ಷ ಸ್ಟಾಲಿನ್ ಹಿಟ್ಲರ್ ಜೊತೆಗೇ ಒಪ್ಪಂದ ಮಾಡಿಕೊಂಡ. ಫ್ಯಾಸಿಸಂ ವಿರುದ್ಧ ಎಂದು ಈ ದಾರಿಗೆ ಬಂದವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇಕಿತ್ತೇ? ಫಿಲ್ಬಿ ಕದಲಲಿಲ್ಲ. ಮುಂದೆ ಬರೆದ ಆತ್ಮಕಥೆಯಲ್ಲೂ ಪಕ್ಷದ ತಪ್ಪುಗಳನ್ನು ಕೆಲವು ವ್ಯಕ್ತಿಗಳ ತಲೆಗೆ ಕಟ್ಟಿ, ಸಿದ್ಧಾಂತವನ್ನು ಪಾರು ಮಾಡಿದ. ನಾಯಕನ ತಪ್ಪಿಗೆ ಸಮಜಾಯಿಷಿ ಹುಡುಕುವ ಈ ಅಭ್ಯಾಸಕ್ಕೆ ಎಡ ಬಲ ಎಂಬ ಭೇದವಿಲ್ಲ. ನಿಮ್ಮ ಫೋನಿನ ಯಾವುದೇ ವಾಟ್ಸಾಪ್ ಗ್ರೂಪ್ ತೆರೆದು ನೋಡಿ.

ಮಳೆಯ ರಾತ್ರಿ ಬೈರುತ್‌ನಲ್ಲಿ

1951ರ ಮೇ 25ರಂದು ಮೆಕ್ಲೀನ್ ಮತ್ತು ಬರ್ಜೆಸ್ ಇಂಗ್ಲೆಂಡಿನಿಂದ ಪರಾರಿಯಾದರು. ಬರ್ಜೆಸ್ ಅಲ್ಲಿಯವರೆಗೆ ವಾಷಿಂಗ್ಟನ್‌ನಲ್ಲಿ ಫಿಲ್ಬಿಯ ಮನೆಯಲ್ಲೇ ಇದ್ದವನು. ಅನುಮಾನ ಸಹಜವಾಗಿ ಫಿಲ್ಬಿಯತ್ತ ತಿರುಗಿತು. ಕೆಲಸ ಹೋಯಿತು. ಆದರೆ ಸಾಕ್ಷಿ ಇಲ್ಲ. 1955ರಲ್ಲಿ ವಿದೇಶಾಂಗ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಸಂಸತ್ತಿನಲ್ಲೇ ಆತನನ್ನು ಆರೋಪದಿಂದ ಬಿಡಿಸಿದ. ಮರುದಿನ ಫಿಲ್ಬಿ ಅಮ್ಮನ ಮನೆಯಲ್ಲಿ ಪತ್ರಿಕಾಗೋಷ್ಠಿ ಕರೆದು, ಕ್ಯಾಮೆರಾ ಮುಂದೆ ಶಾಂತವಾಗಿ, ನಗುನಗುತ್ತಾ ಸುಳ್ಳು ಹೇಳಿದ. ಆ ದೃಶ್ಯ ಯೂಟ್ಯೂಬ್‌ನಲ್ಲಿದೆ. ಕಣ್ಣು ಮಿಟುಕಿಸದೆ ಸುಳ್ಳು ಹೇಳೋದು ಹೇಗೆ ಎಂದು ಕಲಿಯಬೇಕಾದ ರಾಜಕಾರಣಿಗಳಿಗೆ ಒಳ್ಳೆಯ ಪಠ್ಯ.

ಈ ನಡುವೆ ಮನೆ ಏನಾಗಿತ್ತು? ಲಿಟ್ಸಿಯಿಂದ ವಿಚ್ಛೇದನ ಆದ ಕೂಡಲೇ ಆತ ಐಲೀನ್ ಫರ್ಸ್‌ಳನ್ನು ಮದುವೆಯಾಗಿದ್ದ. ಒಟ್ಟು ಐದು ಮಕ್ಕಳು. ಐಲೀನ್ ಮಾನಸಿಕವಾಗಿ ನರಳುತ್ತಿದ್ದಳು, ಗಂಡನ ಮೇಲೆ ಅನುಮಾನವೂ ಗಟ್ಟಿಯಾಗುತ್ತಿತ್ತು. 1956ರಲ್ಲಿ ಆತ ಆಬ್ಸರ್ವರ್ ಮತ್ತು ಎಕಾನಮಿಸ್ಟ್ ಪತ್ರಿಕೆಗಳ ವರದಿಗಾರನಾಗಿ ಬೈರುತ್‌ಗೆ ಹೊರಟುಬಿಟ್ಟ. ಅವಳೂ ಮಕ್ಕಳೂ ಇಂಗ್ಲೆಂಡಿನಲ್ಲೇ ಉಳಿದರು. 1957ರ ಡಿಸೆಂಬರ್‌ನಲ್ಲಿ ಐಲೀನ್ ಒಂಟಿಯಾಗಿ ಸತ್ತಳು. ಬೈರುತ್‌ನಲ್ಲಿದ್ದ ಪತ್ರಕರ್ತ ಗೆಳೆಯನೊಬ್ಬ ಮುಂದೆ ಬರೆದಂತೆ, ಫಿಲ್ಬಿ ಆ ಸಾವನ್ನು ಬಿಡುಗಡೆಯ ಸುದ್ದಿಯಂತೆ ಹಂಚಿಕೊಂಡ. ಸಿದ್ಧಾಂತಕ್ಕೂ ಈ ಕ್ರೌರ್ಯಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದು. ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಎಲ್ಲರನ್ನೂ ಸಾಧನವಾಗಿ ಬಳಸಿ ಅಭ್ಯಾಸವಾದ ಮೇಲೆ ಮನೆಯವರು ಮಾತ್ರ ಮನುಷ್ಯರಾಗಿ ಕಾಣೋದು ಹೇಗೆ?

ಬೈರುತ್‌ನಲ್ಲಿ ಎರಡು ಸಂಬಂಧ ಕೂಡಿಬಂದವು. ಒಂದು ಅಪ್ಪನದು. ಸೌದಿಯಿಂದ ಹೊರದಬ್ಬಿಸಿಕೊಂಡು ಲೆಬನಾನಿಗೆ ಬಂದಿದ್ದ ಸೇಂಟ್ ಜಾನ್‌ನ ಹಳ್ಳಿಮನೆಯಲ್ಲಿ ಮಗ ಮೊದಮೊದಲು ಉಳಿದುಕೊಂಡ. ಬಾಲ್ಯದಲ್ಲಿ ಸಿಗದ ಅಪ್ಪ ನಲವತ್ತು ದಾಟಿದ ಮೇಲೆ ಸಿಕ್ಕ. 1960ರಲ್ಲಿ ಸೇಂಟ್ ಜಾನ್ ಬೈರುತ್‌ನಲ್ಲೇ ತೀರಿಕೊಂಡ. ಇಸ್ಲಾಂ ವಿಧಿಯಂತೆ ಮಣ್ಣು ಮಾಡಿಸಿದವನು ಕಿಮ್. ಆಮೇಲೆ ಆತ ಕುಡಿತದಲ್ಲಿ ಮುಳುಗಿಹೋದ.

ಇನ್ನೊಂದು ಎಲಿನರ್ ಬ್ರೂವರ್, ನ್ಯೂಯಾರ್ಕ್ ಟೈಮ್ಸ್ ವರದಿಗಾರನ ಹೆಂಡತಿಯಾಗಿದ್ದ ಅಮೆರಿಕನ್. 1959ರಲ್ಲಿ ಇಬ್ಬರೂ ಮದುವೆಯಾದರು. ಅವಳಿಗೆ ಈತ ಪ್ರೀತಿಯ, ಕುಡುಕ, ಮಾತುಗಾರ ಪತ್ರಕರ್ತ. ಅಷ್ಟೇ ಗೊತ್ತಿದ್ದದ್ದು.

1962ರಲ್ಲಿ ಫ್ಲೋರಾ ಸಾಲೊಮನ್ ಎಂಬ ಹಳೇ ಪರಿಚಯದವಳು ಬಾಯಿ ಬಿಟ್ಟಳು. ಮೂವತ್ತರ ದಶಕದಲ್ಲಿ ಕಿಮ್ ತನ್ನನ್ನು ಗುಟ್ಟಿನ ಕೆಲಸಕ್ಕೆ ಕರೆದಿದ್ದ ಎಂದು ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಯುವಂತೆ ಮಾಡಿದಳು. ಕಿಮ್‌ಗೆ ಐಲೀನ್‌ಳನ್ನು ಪರಿಚಯಿಸಿದವಳೂ ಇದೇ ಫ್ಲೋರಾ. 1963ರ ಜನವರಿಯಲ್ಲಿ ಎಂಐ6ನ ಆಪ್ತಮಿತ್ರ ನಿಕೊಲಸ್ ಎಲಿಯಟ್ ಬೈರುತ್‌ಗೆ ಬಂದು ಎದುರು ಕೂತ. ಎಲ್ಲ ಹೇಳಿಬಿಟ್ಟರೆ ಶಿಕ್ಷೆ ಇಲ್ಲ ಎಂಬ ಕರಾರು. ಫಿಲ್ಬಿ ಅರ್ಧ ಒಪ್ಪಿಕೊಂಡ.

ಜನವರಿ 23ರ ರಾತ್ರಿ. ಜೋರು ಮಳೆ. ದಂಪತಿಗೆ ಬ್ರಿಟಿಷ್ ರಾಜತಾಂತ್ರಿಕರೊಬ್ಬರ ಮನೆಯಲ್ಲಿ ಊಟವಿತ್ತು. ತಡವಾಗುತ್ತೆ, ನೇರ ಅಲ್ಲಿಗೇ ಬರುತ್ತೇನೆ ಎಂದು ಫಿಲ್ಬಿ ಮನೆಗೆ ಫೋನ್ ಮಾಡಿ ತಿಳಿಸಿದ. ಎಲಿನರ್ ಒಬ್ಬಳೇ ಹೋಗಿ ಕಾದಳು. ಆತ ಬರಲಿಲ್ಲ. ಸೋವಿಯತ್ ಸರಕು ಹಡಗೊಂದು ಬೈರುತ್ ಬಂದರು ಬಿಟ್ಟಿತ್ತು.

ಇಂಗ್ಲೆಂಡಿನಲ್ಲಿದ್ದ ಜಾನ್‌ಗೆ ಆಗ 19. ಅಮ್ಮ ಸತ್ತು ಐದು ವರ್ಷ. ಈಗ ಅಪ್ಪನೂ ಇಲ್ಲ.

ಪ್ರೀತಿಯೋ ಪಕ್ಷವೋ

1963ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಸತ್ಯ ಒಪ್ಪಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಎಲಿನರ್ ಮಾಸ್ಕೋಗೆ ಹೋದಳು. ಇಷ್ಟೆಲ್ಲ ಆದ ಮೇಲೂ ಗಂಡನನ್ನು ಹುಡುಕಿಕೊಂಡು ಹೋದಳು ಅನ್ನೋದನ್ನು ಗಮನಿಸಿ. ತನಗೆ ಗೊತ್ತಿದ್ದ ಮನುಷ್ಯ ನಿಜವೋ, ಪತ್ರಿಕೆಗಳಲ್ಲಿ ಬರುತ್ತಿದ್ದವನು ನಿಜವೋ ಎಂದು ಅವಳಿಗೆ ತಿಳಿಯಬೇಕಿತ್ತು.

ಮಾಸ್ಕೋದಲ್ಲಿ ಒಮ್ಮೆ ಅವಳು ನೇರವಾಗಿ ಕೇಳಿದಳು. ಜೀವನದಲ್ಲಿ ನಿನಗೆ ಯಾವುದು ಮುಖ್ಯ, ನಾನೂ ಮಕ್ಕಳೂನಾ, ಕಮ್ಯುನಿಸ್ಟ್ ಪಕ್ಷವಾ? ಪಕ್ಷ ಎಂದು ಆತ ತಡವರಿಸದೆ ಹೇಳಿದ್ದನ್ನು ಅವಳು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಫಿಲ್ಬಿಯ ಇಡೀ ಜೀವನದಲ್ಲಿ ಹೆಂಡತಿಯೊಬ್ಬಳಿಗೆ ಹೇಳಿದ ಅತ್ಯಂತ ಪ್ರಾಮಾಣಿಕ ಉತ್ತರ ಪ್ರಾಯಶಃ ಇದೇ.

1964ರಲ್ಲಿ ಎಲಿನರ್ ಮಗಳನ್ನು ನೋಡಲು ಅಮೆರಿಕಕ್ಕೆ ಹೋದಳು. ಅಲ್ಲಿ ಅವಳ ಪಾಸ್‌ಪೋರ್ಟ್ ಕಿತ್ತುಕೊಂಡರು. ತಿಂಗಳುಗಟ್ಟಲೆ ಹೋರಾಡಿ ಮರಳಿ ಬಂದರೆ ಗಂಡ ಮೆಲಿಂಡಾ ಮೆಕ್ಲೀನ್ ಜೊತೆ ಸಂಬಂಧ ಬೆಳೆಸಿದ್ದ. ಮೆಲಿಂಡಾ ಬೇರೆ ಯಾರೂ ಅಲ್ಲ, ಜೊತೆಯ ಗೂಢಚಾರ ಡೊನಾಲ್ಡ್‌ನ ಹೆಂಡತಿ. ಸಂಗಾತಿಯ ಮನೆಯನ್ನೂ ಬಿಡಲಿಲ್ಲ. 1965ರಲ್ಲಿ ಎಲಿನರ್ ಮಾಸ್ಕೋ ಬಿಟ್ಟಳು. 1968ರಲ್ಲಿ ಪುಸ್ತಕ ಬರೆದು, ಅದೇ ವರ್ಷ ತೀರಿಕೊಂಡಳು. ಮೆಲಿಂಡಾಳ ಜೊತೆಗಿನ ಬಾಳೂ ಬಹಳ ಕಾಲ ನಡೆಯಲಿಲ್ಲ, ಅವಳು ಡೊನಾಲ್ಡ್ ಬಳಿಗೇ ಮರಳಿದಳು.

ಮೊದಲ ಪ್ರೀತಿ ಲಿಟ್ಸಿ? ಅವಳು ಯುದ್ಧ ಮುಗಿದ ಮೇಲೆ ಪೂರ್ವ ಬರ್ಲಿನ್‌ಗೆ ಹೋಗಿ ಬೇರೆ ಮದುವೆಯಾಗಿದ್ದಳು. 1963ರ ನಂತರ ಇಬ್ಬರೂ ಕಬ್ಬಿಣದ ಪರದೆಯ ಒಂದೇ ಪಕ್ಕದಲ್ಲಿ ಇಪ್ಪತ್ತು ವರ್ಷ ಬದುಕಿದರು. ವಿಯೆನ್ನಾದಲ್ಲಿ ಒಟ್ಟಿಗೆ ಕಂಡ ಕನಸಿನ ದೇಶಗಳಲ್ಲೇ ಇದ್ದರು, ಆದರೆ ಬೇರೆ ಬೇರೆ ಊರು, ಬೇರೆ ಬೇರೆ ಸಂಸಾರ. ಕೊನೆಗಾಲದಲ್ಲಿ ಅವಳು ವಿಯೆನ್ನಾಗೇ ಮರಳಿ 1991ರಲ್ಲಿ ಸತ್ತಳು. ಅವಳ ಮಗಳು ಬಾರ್ಬರಾ ಹೊನಿಗ್‌ಮನ್ ಜರ್ಮನಿಯ ಹೆಸರಾಂತ ಲೇಖಕಿಯಾಗಿ, 2004ರಲ್ಲಿ ಅಮ್ಮನ ಬಗ್ಗೆ ಒಂದು ಪುಸ್ತಕ ಬರೆದಳು. ಗುಟ್ಟನ್ನೇ ಬದುಕಾಗಿಸಿಕೊಂಡ ತಾಯಿಯ ಬಗ್ಗೆ ಮಗಳು ಬರೆಯಬೇಕಾಯಿತು.

ಮಗ ಬಂದ

ಮಾಸ್ಕೋಗೆ ಬಂದಾಗ ಫಿಲ್ಬಿ ತಾನು ಕೆಜಿಬಿಯ ಅಧಿಕಾರಿ, ಕಚೇರಿಯಲ್ಲಿ ಮೇಜು ಕುರ್ಚಿ ಕಾದಿರುತ್ತೆ ಎಂದುಕೊಂಡಿದ್ದ. ಲೆನಿನ್ ಪದಕ ಕೊಟ್ಟರು, ಫ್ಲ್ಯಾಟ್ ಕೊಟ್ಟರು, ಪಿಂಚಣಿ ಕೊಟ್ಟರು. ಮೇಜು ಕೊಡಲಿಲ್ಲ. ಅವರ ದಾಖಲೆಯಲ್ಲಿ ಆತ ಬರೀ ಏಜೆಂಟ್, ಅಧಿಕಾರಿಯಲ್ಲ. ಕಾವಲು ಹಾಕಿದರು, ಮನೆಯ ಮಾತುಗಳಿಗೆ ಕಿವಿಗೊಟ್ಟರು. ಮತ್ತೆ ಬ್ರಿಟಿಷರ ಕಡೆ ಹೋದಾನು ಎಂಬ ಭಯ. ಕೆಜಿಬಿಯ ಕೇಂದ್ರ ಕಚೇರಿಯಲ್ಲಿ ಮೊದಲ ಬಾರಿ ಭಾಷಣಕ್ಕೆ ಕರೆದದ್ದು 1977ರಲ್ಲಿ, ಬಂದ ಹದಿನಾಲ್ಕು ವರ್ಷದ ಮೇಲೆ.

ಎರಡು ವ್ಯವಸ್ಥೆಗಳನ್ನು ಹೋಲಿಸಿ ನೋಡಿ. ಬ್ರಿಟನ್ ಮನೆತನ ನೋಡಿ ಅವನನ್ನು ಪೂರ್ತಿ ನಂಬಿತು. ಸೋವಿಯತ್ ಒಕ್ಕೂಟ ಮೂವತ್ತು ವರ್ಷದ ಸೇವೆ ನೋಡಿಯೂ ಪೂರ್ತಿ ನಂಬಲಿಲ್ಲ. ಮೊದಲನೆಯವರಿಗೆ ಮೋಸ ಮಾಡಿ ಎರಡನೆಯವರ ಬಳಿ ಹೋದವನು ಕೊನೆಗೆ ಕೂತದ್ದು ಟೈಮ್ಸ್ ಪತ್ರಿಕೆಯ ಪದಬಂಧ, ಕ್ರಿಕೆಟ್ ಸ್ಕೋರು, ಬಿಬಿಸಿ ರೇಡಿಯೋ ಮತ್ತು ಬಾಟಲಿಯ ಮುಂದೆ.

ಈ ಮನೆಗೆ 1967ರಲ್ಲಿ ಜಾನ್ ಬಂದ. ಆತ ಕಲಾಶಾಲೆಯಲ್ಲಿ ಓದಿದವನು, ಕೈಯಲ್ಲಿ ಕ್ಯಾಮೆರಾ. ಅಪ್ಪನ ಸುದ್ದಿ ಹುಡುಕುತ್ತಿದ್ದ ಪತ್ರಿಕೆಗಾಗಿ ಅಪ್ಪನ ಚಿತ್ರ ತೆಗೆದ. ಇದನ್ನು ಸಿನಿಮಾದವರು ಮಾಡಿದರೆ ಇಬ್ಬರೂ ತಬ್ಬಿಕೊಂಡು ಅಳಬೇಕು, ಅಪ್ಪ ಕ್ಷಮೆ ಕೇಳಬೇಕು. ಇಲ್ಲಿ ಹಾಗಾಗಲಿಲ್ಲ. ತಾನು ಮಾಡಿದ್ದಕ್ಕೆ ಫಿಲ್ಬಿ ಸಾಯುವವರೆಗೂ ಸಾರ್ವಜನಿಕವಾಗಿ ಪಶ್ಚಾತ್ತಾಪ ಪಡಲಿಲ್ಲ. ಸಾಯುವ ಕೆಲ ತಿಂಗಳ ಮೊದಲು ಪತ್ರಕರ್ತ ಫಿಲಿಪ್ ನೈಟ್ಲಿಗೆ ಕೊಟ್ಟ ಸಂದರ್ಶನದಲ್ಲೂ ಇಲ್ಲ.

ಆದರೂ ಮಗ ಮತ್ತೆ ಮತ್ತೆ ಬಂದ. ಬೇರೆ ಮಕ್ಕಳೂ ಬಂದು ಹೋದರು. ಮೊಮ್ಮಗಳೊಬ್ಬಳು ಪುಟ್ಟ ಮಗುವಾಗಿದ್ದಾಗ ಅಜ್ಜನ ಮಾಸ್ಕೋ ಮನೆಗೆ ಹೋದವಳು. ಮುಂದೆ ಅವಳು ಕಾದಂಬರಿಗಾರ್ತಿಯಾಗಿ, 2022ರಲ್ಲಿ ಈಡಿತ್ ಟ್ಯೂಡರ್ ಹಾರ್ಟ್ ಮತ್ತು ಅಜ್ಜನನ್ನು ಕುರಿತೇ ಒಂದು ಕಾದಂಬರಿ ಬರೆದಳು. ದೇಶ ಯಾರನ್ನು ದ್ರೋಹಿ ಎಂದಿತೋ ಆ ಮನುಷ್ಯ ಮನೆಯವರಿಗೆ ಅಪ್ಪ, ಅಜ್ಜ. ಈ ಎರಡನ್ನೂ ಒಟ್ಟಿಗೆ ಹೊರುವ ಭಾರ ಬಿದ್ದದ್ದು ಯಾವ ಆಯ್ಕೆಯನ್ನೂ ಮಾಡದ ಮಕ್ಕಳ ಮೇಲೆ.

1970ರಲ್ಲಿ ಇನ್ನೊಬ್ಬ ಪರಾರಿ ಗೂಢಚಾರ ಜಾರ್ಜ್ ಬ್ಲೇಕ್ ಮೂಲಕ ರುಫೀನಾ ಪುಖೋವಾ ಪರಿಚಯವಾದಳು, ಇಪ್ಪತ್ತು ವರ್ಷ ಚಿಕ್ಕವಳು. ಮರುವರ್ಷ ಮದುವೆ. ಕುಡಿತಕ್ಕೆ ಕಡಿವಾಣ ಹಾಕಿ, ಕೊನೆಯವರೆಗೂ ನೋಡಿಕೊಂಡವಳು ಅವಳೇ. ಅವಳ ನೆನಪುಗಳಲ್ಲಿ ಒಂದು ನನ್ನನ್ನು ಬಿಡದೆ ಕಾಡುತ್ತದೆ. ಮಾಸ್ಕೋದ ಬೀದಿಯಲ್ಲಿ ಬಡತನದಲ್ಲಿ ಬದುಕುತ್ತಿದ್ದ ಮುದುಕರನ್ನು ಕಂಡು ಆತ ಕಣ್ಣೀರು ಹಾಕುತ್ತಿದ್ದನಂತೆ. ಯುದ್ಧ ಗೆದ್ದವರು ಇವರೇ ಅಲ್ಲವೇ, ಇವರೇಕೆ ಹೀಗೆ ಬದುಕಬೇಕು ಎಂದು ಕೇಳುತ್ತಿದ್ದನಂತೆ. ಮೂವತ್ತು ವರ್ಷ ಮೊದಲು ಅದೇ ಕಣ್ಣು ಪಕ್ಷದ ಕಡೆ ತಿರುಗಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ.

ಉಳಿದದ್ದು

1988ರ ಮೇ 11ರಂದು, 76ನೇ ವಯಸ್ಸಿನಲ್ಲಿ ಫಿಲ್ಬಿ ಸತ್ತ. ಕೆಜಿಬಿ ಗೌರವದೊಂದಿಗೆ ಕುಂತ್ಸೆವೊ ಸ್ಮಶಾನದಲ್ಲಿ ಮಣ್ಣು ಮಾಡಿದರು. 1990ರಲ್ಲಿ ಸೋವಿಯತ್ ಸರ್ಕಾರ ಆತನ ಮುಖದ ಅಂಚೆಚೀಟಿ ಹೊರಡಿಸಿತು. 1991ರ ಡಿಸೆಂಬರ್‌ನಲ್ಲಿ ಆ ಅಂಚೆಚೀಟಿ ಹೊರಡಿಸಿದ ದೇಶವೇ ಇಲ್ಲವಾಯಿತು. ಹೆಂಡತಿ ಮಕ್ಕಳಿಗಿಂತ ಮುಖ್ಯ ಎಂದಿದ್ದ ಪಕ್ಷ ಅದಕ್ಕೂ ಕೆಲ ತಿಂಗಳು ಮೊದಲೇ ಅಧಿಕಾರ ಕಳೆದುಕೊಂಡಿತ್ತು.

ಇದನ್ನು ಕೇಳಿ ಕಮ್ಯುನಿಸಂ ಮೇಲೆ ಕಲ್ಲೆಸೆಯೋದು ಸುಲಭ, ಆದರೆ ನನ್ನ ಉದ್ದೇಶ ಅದಲ್ಲ. 1934ರ ವಿಯೆನ್ನಾದಲ್ಲಿ ಕಾರ್ಮಿಕರ ಪರ ನಿಂತದ್ದು ತಪ್ಪಲ್ಲ. ಅವತ್ತು ಸುಮ್ಮನಿದ್ದವರೇ ಹೆಚ್ಚು ತಪ್ಪು ಮಾಡಿದರು. ತಪ್ಪಿದ್ದು ಆಮೇಲೆ. ಜನರಿಗಾಗಿ ಎಂದು ಹಿಡಿದ ದಾರಿಯಲ್ಲಿ, ಎದುರಿಗಿದ್ದ ಜನ ಲೆಕ್ಕಕ್ಕೇ ಬಾರದೆ ಹೋದರು. ವೋಲ್ಕೊವ್ ಲೆಕ್ಕಕ್ಕಿಲ್ಲ, ಅಲ್ಬೇನಿಯಾದ ಹುಡುಗರು ಲೆಕ್ಕಕ್ಕಿಲ್ಲ, ಮಾಲಿ ಲೆಕ್ಕಕ್ಕಿಲ್ಲ, ಐಲೀನ್ ಲೆಕ್ಕಕ್ಕಿಲ್ಲ. ಅವರೆಲ್ಲರನ್ನೂ ಕಳೆದ ಮೇಲೂ ಉಳಿಯುವ ಜನ ಎಂದರೆ ಯಾರು?

ನಾವು ಯಾರೂ ಗೂಢಚಾರರಲ್ಲ. ಆದರೆ ಬಾವುಟಕ್ಕಾಗಿ ಗೆಳೆತನ ಕಡಿದುಕೊಂಡವರು, ನಾಯಕನ ಮೇಲಿನ ಆರೋಪ ಸುಳ್ಳು ಎಂದು ದೂರು ಕೊಟ್ಟ ಹೆಣ್ಣುಮಗಳನ್ನೇ ಜರೆದವರು, ಚಳವಳಿಗೆ ಧಕ್ಕೆಯಾಗುತ್ತೆ ಎಂದು ಒಳಗಿನ ಅನ್ಯಾಯಕ್ಕೆ ಬಾಯಿ ಮುಚ್ಚಿಕೊಂಡವರು ನಮ್ಮ ಸುತ್ತ ಇದ್ದಾರೆ, ನಮ್ಮೊಳಗೂ ಇದ್ದಾರೆ. ನಿಮ್ಮ ಸಂಘಟನೆಯ ಮುಂದಿನ ಸಭೆಯಲ್ಲಿ ಯಾರಾದರೂ ದೊಡ್ಡ ಉದ್ದೇಶದ ಹೆಸರು ಹೇಳಿ ಸಣ್ಣವರೊಬ್ಬರನ್ನು ಸುಮ್ಮನಿರಿಸಲು ನೋಡಿದರೆ, ಎದ್ದು ನಿಂತು ಅವರ ಮಾತು ಮುಗಿಯಲಿ ಎಂದು ಹೇಳಿ. ಬಾವುಟ ಅಷ್ಟಕ್ಕೇ ಬಿದ್ದುಹೋಗೋದಿಲ್ಲ.